ಮೂರು ಕುದುರೆಗಳಲ್ಲಿ ನಮ್ಮದು ಯಾವುದು?

ಮೂಡಿಗೆರೆ ತಾಲೂಕಿನ ಒಂದು ಹಳ್ಳಿಯಿಂದ ತಂದೆಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗನಿಗೆ 22 ವರ್ಷ. ತೋಟಗಳಿಂದ ಕಾಳುಮೆಣಸು ಕೊಂಡು ಪೇಟೆಗೆ ತಂದು ಮಾರುವ ಸಣ್ಣ ವ್ಯಾಪಾರ ಮಾಡುತ್ತಾನೆ. ಅದಕ್ಕಾಗಿ ಇಂಪಲ್ಸ್ ಎಂಬ ಹಳೆಯ ಬೈಕೊಂದನ್ನು ಕೊಂಡಿದ್ದಾನೆ. ಡಾಂಬರು ರಸ್ತೆಗೂ ಸೈ, ಕಲ್ಲುಮಣ್ಣಿನ ತೋಟದ ದಾರಿಗೂ ಸೈ ಎನ್ನುವ ಜಾತಿಯ ಎತ್ತರದ ಬೈಕು ಅದು. ಆದರೆ ಹಿಂದೆ ಮೆಣಸಿನ ಚೀಲ ಬಿಗಿದುಕೊಂಡು ಏರು ಹತ್ತುವಾಗ ಅದು ಏದುಸಿರು ಬಿಡುತ್ತದಂತೆ. ಈಗ ಮಗ ದೊಡ್ಡ ಕಾರ್ಬೊರೇಟರ್ ಹಾಕಿಸಬೇಕು, ಸಾಧ್ಯವಾದರೆ ಕರಿಜ್ಮಾದ 223 ಸಿ.ಸಿ. ಎಂಜಿನನ್ನೇ ಅದರಲ್ಲಿ ಕೂರಿಸಬೇಕು, 35,000 ರೂಪಾಯಿ ಕೊಡಿ ಎಂದು ಹಟ ಹಿಡಿದಿದ್ದಾನೆ. ಪತ್ರದ ಕೊನೆಯಲ್ಲಿ ತಂದೆ ಒಂದೇ ಸಾಲಿನ ಪ್ರಶ್ನೆ ಕೇಳಿದ್ದಾರೆ: ಇದು ಹಲಾಲೋ, ಹರಾಮೋ?

ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ಕೇಳಿ ನೀವು ನಗಬಹುದು. ಕಾರ್ಬೊರೇಟರಿಗೂ ದೀನಿಗೂ ಏನು ಸಂಬಂಧ ಎಂದು ಯುವಕರು ಕೇಳಬಹುದು. ಇದೆಲ್ಲ ಈ ಕಾಲದ ಹುಡುಗರ ಹುಚ್ಚು, ಇದಕ್ಕೆ ಉತ್ತರವೇ ಬೇಡ ಎಂದು ಹಿರಿಯರು ಹೇಳಬಹುದು. ನನ್ನ ಅಭಿಪ್ರಾಯದಲ್ಲಿ ಎರಡೂ ಸರಿಯಲ್ಲ. ಮನುಷ್ಯನ ದುಡಿಮೆ, ದುಡ್ಡು, ಯೌವನ, ನೆರೆಹೊರೆ, ಪ್ರಾಣ ಇವೆಲ್ಲ ಸೇರುವ ಜಾಗದಲ್ಲಿ ದೀನ್ ಇಲ್ಲದಿದ್ದರೆ ಮತ್ತೆಲ್ಲಿದೆ? ಯೌವನವನ್ನು ಯಾವುದರಲ್ಲಿ ಕಳೆದೆ, ಸಂಪತ್ತನ್ನು ಹೇಗೆ ಗಳಿಸಿದೆ ಮತ್ತು ಹೇಗೆ ಖರ್ಚು ಮಾಡಿದೆ ಎಂಬ ಪ್ರಶ್ನೆಗಳಿಗೆ ಉತ್ತರಿಸದೆ ಅಂತಿಮ ದಿನ ಮನುಷ್ಯನ ಪಾದಗಳು ಕದಲಲಾರವು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. 22 ವರ್ಷದ ಹುಡುಗನ 35,000 ರೂಪಾಯಿಯ ಬೈಕಿನ ಕೆಲಸ ಈ ಪ್ರಶ್ನೆಗಳ ಹೊರಗಿನದ್ದಲ್ಲ.

ಸವಾರಿಯೂ ಒಂದು ಅನುಗ್ರಹ

ಮೊದಲಿಗೆ ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸಿಕೊಳ್ಳೋಣ. ಒಳ್ಳೆಯ ವಾಹನವನ್ನು ಬಯಸುವುದು ದೇವಭಯಕ್ಕೆ ವಿರುದ್ಧವೆಂದು ಇಸ್ಲಾಮ್ ಎಲ್ಲೂ ಹೇಳಿಲ್ಲ. ಸೂರಃ ಅನ್ನಹ್ಲ್‌ನಲ್ಲಿ ಅಲ್ಲಾಹನು ಕುದುರೆ, ಹೇಸರಗತ್ತೆ ಮತ್ತು ಕತ್ತೆಗಳನ್ನು ತನ್ನ ಅನುಗ್ರಹಗಳಾಗಿ ಎಣಿಸುವಾಗ ಸವಾರಿಯ ಪ್ರಯೋಜನವನ್ನು ಮಾತ್ರ ಹೇಳಿ ನಿಲ್ಲಿಸಿಲ್ಲ, ಅವುಗಳ ಸೊಬಗನ್ನೂ ಹೇಳಿದ್ದಾನೆ. ಮನುಷ್ಯರು ಅರಿಯದ ಇನ್ನೂ ಹಲವನ್ನು ಸೃಷ್ಟಿಸುವೆನೆಂದೂ ಅಲ್ಲಿಯೇ ತಿಳಿಸಿದ್ದಾನೆ. ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ತೊಡುವ ಆಸೆಯೂ ಅಹಂಕಾರವೇ ಎಂಬ ಸಂದೇಹ ಬಂದಾಗ ಪ್ರವಾದಿವರ್ಯರು(ಸ) ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. ಅಲ್ಲಾಹನು ಸೌಂದರ್ಯವನ್ನು ಮೆಚ್ಚುತ್ತಾನೆ. ಅಹಂಕಾರವೆಂದರೆ ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಎಂಬುದೇ ಅದರ ಸಾರ.

ಪ್ರವಾದಿವರ್ಯರು(ಸ) ಮದೀನಾದಲ್ಲಿ ಕುದುರೆ ಓಟದ ಸ್ಪರ್ಧೆಯನ್ನೇ ನಡೆಸಿದ್ದರು. ಇಬ್ನು ಉಮರ್(ರ) ಅದರಲ್ಲಿ ಪಾಲ್ಗೊಂಡಿದ್ದರು. ಅದರ ಒಂದು ವಿವರ ಬಹಳ ಅರ್ಥಪೂರ್ಣವಾದುದು. ಪಳಗಿಸಿ ತಯಾರು ಮಾಡಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾಅ್ ವರೆಗಿನ ದೂರದ ಓಟ. ಹಾಗೆ ತಯಾರಾಗದ ಕುದುರೆಗಳಿಗೆ ಸನಿಯ್ಯತುಲ್ ವದಾಅ್‌ನಿಂದ ಬನೂ ಝುರೈಖ್ ಮಸೀದಿಯವರೆಗಿನ ಚಿಕ್ಕ ಓಟ. ಎಲ್ಲ ಕುದುರೆಗಳನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಚಾಟಿ ಬೀಸಲಿಲ್ಲ. ಯಾವುದಕ್ಕೆ ಎಷ್ಟು ಶಕ್ತಿಯಿದೆಯೋ ಅದರಿಂದ ಅಷ್ಟನ್ನೇ ನಿರೀಕ್ಷಿಸಲಾಯಿತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೂರು ಕುದುರೆಗಳು

ಹಾಗಾದರೆ ಯಾವ ಸವಾರಿ ಒಳ್ಳೆಯದು, ಯಾವುದು ಕೆಟ್ಟದ್ದು? ಇದಕ್ಕೂ ಹದೀಸ್‌ನಲ್ಲಿ ಅಳತೆಗೋಲಿದೆ. ಕುದುರೆಗಳು ಮೂರು ಬಗೆ. ಒಬ್ಬನಿಗೆ ಅದು ಪುಣ್ಯ, ಇನ್ನೊಬ್ಬನಿಗೆ ಆಸರೆ, ಮತ್ತೊಬ್ಬನಿಗೆ ಪಾಪದ ಹೊರೆ. ಅಲ್ಲಾಹನ ಮಾರ್ಗಕ್ಕಾಗಿ ಸಾಕಿದವನಿಗೆ ಅದು ಪುಣ್ಯ. ತನ್ನ ಅಗತ್ಯಕ್ಕಾಗಿ ಸಾಕಿ, ಅದರ ವಿಷಯದಲ್ಲಿ ಅಲ್ಲಾಹನ ಹಕ್ಕನ್ನು ಮರೆಯದವನಿಗೆ ಅದು ಆಸರೆ. ಜಂಬಕ್ಕಾಗಿ, ಜನ ನೋಡಲೆಂದು ಸಾಕಿದವನಿಗೆ ಅದೇ ಹೊರೆ.

ಗಮನಿಸಿ. ಮೂವರ ಬಳಿ ಇರುವುದೂ ಕುದುರೆಯೇ. ತಳಿ, ಬಣ್ಣ, ಬೆಲೆ ಯಾವುದರ ಪ್ರಸ್ತಾಪವೂ ಇಲ್ಲಿಲ್ಲ. ವ್ಯತ್ಯಾಸವಿರುವುದು ಸವಾರನ ನಿಯ್ಯತ್ತಿನಲ್ಲಿ ಮತ್ತು ಅವನು ಇತರರ ಹಕ್ಕನ್ನು ನಡೆಸಿಕೊಳ್ಳುವ ರೀತಿಯಲ್ಲಿ. ಆದ್ದರಿಂದ ಮೂಡಿಗೆರೆಯ ಸಹೋದರರಿಗೆ ನನ್ನ ಮೊದಲ ಉತ್ತರ ಇಷ್ಟೇ: ಹಲಾಲೋ ಹರಾಮೋ ಎಂದು ಕಾರ್ಬೊರೇಟರನ್ನು ಕೇಳಬೇಡಿ, ಅದು ಲೋಹದ ತುಂಡು. ನಿಮ್ಮ ಮಗನ ಬೈಕು ಈ ಮೂರು ಕುದುರೆಗಳಲ್ಲಿ ಯಾವುದು ಎಂದು ಕೇಳಿ.

ಮೆಣಸಿನ ಚೀಲ ಹೊರುವ ಬೈಕು ಎರಡನೆಯ ಕುದುರೆ, ಇದರಲ್ಲಿ ಸಂಶಯವಿಲ್ಲ. ಹಲಾಲಾದ ದುಡಿಮೆಗೆ ಆಸರೆಯಾದ ವಾಹನವನ್ನು ಸುಸ್ಥಿತಿಯಲ್ಲಿಡುವುದು ಕೃತಜ್ಞತೆಯ ಒಂದು ರೂಪ. ಆದರೆ ಪತ್ರದಲ್ಲಿ ಇನ್ನೊಂದು ವಾಕ್ಯವಿದೆ. ಭಾನುವಾರ ಬಂತೆಂದರೆ ಐದಾರು ಗೆಳೆಯರು ಸೈಲೆನ್ಸರ್ ಬಿಚ್ಚಿದ ಬೈಕುಗಳಲ್ಲಿ ಬಂದು ಮಗನನ್ನು ಕರೆದೊಯ್ಯುತ್ತಾರಂತೆ. ಅಂದರೆ ವಾರದ ಆರು ದಿನ ಎರಡನೆಯ ಕುದುರೆಯಾಗಿರುವ ಬೈಕು ಏಳನೆಯ ದಿನ ಮೂರನೆಯ ಕುದುರೆಯಾಗಬಹುದು. 35,000 ರೂಪಾಯಿಯನ್ನು ಕೇಳುತ್ತಿರುವುದು ಯಾವ ಕುದುರೆ? ಇದೇ ನಿಜವಾದ ಪ್ರಶ್ನೆ. ಇದಕ್ಕೆ ಪ್ರಾಮಾಣಿಕ ಉತ್ತರ ಬೇಕಾದರೆ ಯಂತ್ರ ಏನು ಕೇಳುತ್ತದೆ, ಮನಸ್ಸು ಏನು ಕೇಳುತ್ತದೆ ಎಂಬುದನ್ನು ಬೇರೆ ಮಾಡಿ ನೋಡಬೇಕು.

ಯಂತ್ರ ಕೇಳುವುದು ಹದವನ್ನು

ಕಾರ್ಬೊರೇಟರಿನ ಕೆಲಸವನ್ನು ನಮ್ಮ ಮನೆಯ ತಾಯಂದಿರು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಗ್ಯಾಸ್ ಒಲೆಯ ಜ್ವಾಲೆ ನೀಲಿಯಾಗಿದ್ದರೆ ಗಾಳಿ ಮತ್ತು ಅನಿಲ ಹದವಾಗಿ ಬೆರೆತಿದೆ ಎಂದರ್ಥ. ಜ್ವಾಲೆ ಹಳದಿಯಾಗಿ ಪಾತ್ರೆಯ ತಳ ಕಪ್ಪಾದರೆ ಗಾಳಿ ಸಾಲದು ಎಂದರ್ಥ. ಎಂಜಿನಿನ ಹೊಟ್ಟೆಯಲ್ಲಿ ನಡೆಯುವುದೂ ಇದೇ. ಒಂದು ಗ್ರಾಮ್ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಮ್ ಗಾಳಿ ಬೇಕು. ಪೆಟ್ರೋಲ್ ಹೆಚ್ಚಾದರೆ ಪ್ಲಗ್ ಮಸಿಗಟ್ಟುತ್ತದೆ, ಹೊಗೆ ಬರುತ್ತದೆ, ಮೈಲೇಜ್ ಇಳಿಯುತ್ತದೆ, ಉರಿಯದ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳುಮಾಡುತ್ತದೆ. ಪೆಟ್ರೋಲ್ ಕಡಿಮೆಯಾದರೆ ಪ್ಲಗ್ ಬಿಳಿಚಿಕೊಳ್ಳುತ್ತದೆ, ಎಂಜಿನ್ ಅತಿಯಾಗಿ ಕಾಯುತ್ತದೆ, ಮಿತಿ ಮೀರಿದರೆ ಪಿಸ್ಟನ್ನೇ ಸುಟ್ಟುಹೋಗಬಹುದು. ಆಕಾಶವನ್ನು ಎತ್ತರಿಸಿ ತಕ್ಕಡಿಯನ್ನು ಸ್ಥಾಪಿಸಿದವನು ಆ ತಕ್ಕಡಿಯಲ್ಲಿ ಅತಿಕ್ರಮ ಮಾಡಬೇಡಿರೆಂದು ಸೂರಃ ರಹ್ಮಾನ್‌ನಲ್ಲಿ ಆಜ್ಞಾಪಿಸಿದ್ದಾನಷ್ಟೆ. ಆ ತಕ್ಕಡಿ ಅಂಗಡಿಯ ಕಟ್ಟೆಯ ಮೇಲೆ ಮಾತ್ರ ಇದೆ ಎಂದು ನಾವು ತಿಳಿದಿದ್ದೇವೆ. ಒಂದು ಚಿಕ್ಕ ಹಿತ್ತಾಳೆಯ ಜೆಟ್ಟಿನ ರಂಧ್ರದಲ್ಲೂ ಅದೇ ತಕ್ಕಡಿ ತೂಗುತ್ತಿದೆ.

ಈಗ ದೊಡ್ಡ ಕಾರ್ಬೊರೇಟರಿನ ವಿಷಯಕ್ಕೆ ಬರೋಣ. ಕಾರ್ಬೊರೇಟರಿನ ನಡುವೆ ಒಂದು ಇಕ್ಕಟ್ಟಾದ ಗಂಟಲಿದೆ. ಎಂಜಿನ್ ಗಾಳಿಯನ್ನು ಎಳೆದುಕೊಂಡಾಗ ಆ ಗಂಟಲಿನಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಮೇಲೆದ್ದು ಹನಿಹನಿಯಾಗಿ ಗಾಳಿಯಲ್ಲಿ ಬೆರೆಯುತ್ತದೆ. ಗಂಟಲನ್ನು ದೊಡ್ಡದು ಮಾಡಿದರೆ ಹೆಚ್ಚು ಗಾಳಿ ಹೋಗಲು ದಾರಿಯಾಗುವುದು ನಿಜ. ಆದರೆ ಅದರ ಪ್ರಯೋಜನ ಸಿಗುವುದು ಎಂಜಿನ್ ಅತಿವೇಗವಾಗಿ ತಿರುಗುತ್ತಿರುವಾಗ ಮಾತ್ರ. ಎಂಜಿನ್ ನಿಧಾನವಾಗಿ ತಿರುಗುವಾಗ ಅಗಲವಾದ ಗಂಟಲಿನಲ್ಲಿ ಗಾಳಿ ತೆವಳುತ್ತದೆ, ಸೆಳೆತ ಸಾಲದಾಗುತ್ತದೆ, ಪೆಟ್ರೋಲ್ ಸರಿಯಾಗಿ ಬೆರೆಯುವುದಿಲ್ಲ. ಎಕ್ಸಿಲರೇಟರ್ ತಿರುಗಿಸಿದೊಡನೆ ಎಂಜಿನ್ ತಡವರಿಸುತ್ತದೆ.

ಯೋಚಿಸಿ ನೋಡಿ. ಚೀಲ ಹೊತ್ತು ಕಲ್ಲುದಾರಿಯ ಏರು ಹತ್ತುವ ಬೈಕಿನ ಎಂಜಿನ್ ಹೇಗೆ ತಿರುಗುತ್ತದೆ? ನಿಧಾನವಾಗಿಯೇ. ಅಂದರೆ ದೊಡ್ಡ ಕಾರ್ಬೊರೇಟರ್ ಹಾಕಿಸಿದರೆ ನಮ್ಮ ಹುಡುಗನಿಗೆ ಶಕ್ತಿ ಬೇಕಾದ ಜಾಗದಲ್ಲೇ ಅದು ಕೈಕೊಡುತ್ತದೆ. ಬೇಕಿಲ್ಲದ ಜಾಗದಲ್ಲಿ, ಅಂದರೆ ನೇರವಾದ ಹೆದ್ದಾರಿಯಲ್ಲಿ, ಒಂದಿಷ್ಟು ಕೊಡುತ್ತದೆ. ಅವನು ವಾರದ ಆರು ದಿನಗಳ ಹೆಸರು ಹೇಳಿ ಏಳನೆಯ ದಿನದ ಸಾಮಾನನ್ನು ಕೇಳುತ್ತಿದ್ದಾನೆ! ಬಹುಶಃ ಇದು ಅವನಿಗೇ ತಿಳಿದಿಲ್ಲ. ಮನೋಕಾಮನೆ ಯಾವಾಗಲೂ ಹೀಗೆಯೇ ಅಗತ್ಯದ ಅಂಗಿ ತೊಟ್ಟುಕೊಂಡು ಬಾಗಿಲು ತಟ್ಟುತ್ತದೆ.

ಕಾರ್ಬೊರೇಟರಿನಲ್ಲಿ ಎರಡು ಬಗೆಯುಂಟು. ಒಂದರಲ್ಲಿ ಎಕ್ಸಿಲರೇಟರಿನ ಕೇಬಲ್ ನೇರವಾಗಿ ಸ್ಲೈಡನ್ನು ಮೇಲೆತ್ತುತ್ತದೆ. ಕೈ ತಿರುಗಿಸಿದಷ್ಟೂ ಬಾಯಿ ತೆರೆಯುತ್ತದೆ, ಎಂಜಿನ್ ಅದಕ್ಕೆ ಸಿದ್ಧವಿದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಇನ್ನೊಂದರಲ್ಲಿ ಕೇಬಲ್ ಒಂದು ಚಿಟ್ಟೆಯಾಕಾರದ ಬಾಗಿಲನ್ನು ಮಾತ್ರ ತೆರೆಯುತ್ತದೆ. ಸ್ಲೈಡ್ ಎಷ್ಟು ಮೇಲೇಳಬೇಕೆಂಬುದನ್ನು ಎಂಜಿನಿನ ಸೆಳೆತವೇ ಒಂದು ರಬ್ಬರ್ ಪೊರೆಯ ಮೂಲಕ ನಿರ್ಧರಿಸುತ್ತದೆ. ಸವಾರ ಅವಸರಪಟ್ಟರೂ ಎಂಜಿನಿಗೆ ಅರಗಿಸಿಕೊಳ್ಳಲು ಆಗುವಷ್ಟನ್ನೇ ಅದು ಉಣಿಸುತ್ತದೆ. ಇಂಪಲ್ಸ್‌ನಂತಹ ದಿನಬಳಕೆಯ ಬೈಕಿಗೆ ತಯಾರಕರು ಈ ಎರಡನೆಯ ಬಗೆಯನ್ನು ಆರಿಸಿದ್ದಕ್ಕೆ ಕಾರಣವಿದೆ. ಮೊದಲನೆಯದರ ಚುರುಕು ರೇಸಿನವರಿಗೆ ಇಷ್ಟ. ಎರಡನೆಯದರ ಸಂಯಮ ದುಡಿಯುವವರಿಗೆ ಇಷ್ಟ.

ಮೊದಲು ರೋಗ, ಆಮೇಲೆ ಔಷಧ

2011ರಲ್ಲಿ ಹೀರೋ ಕಂಪೆನಿ ಇಂಪಲ್ಸ್ ಬೈಕನ್ನು ಬಿಡುಗಡೆ ಮಾಡಿದಾಗ ಅದರ ಎಂಜಿನ್ 149 ಸಿ.ಸಿ.ಯದು, ಶಕ್ತಿ ಸುಮಾರು 13 ಅಶ್ವಶಕ್ತಿ. ಈಗ ಅದರ ತಯಾರಿಕೆ ನಿಂತಿದೆ. 2019ರಲ್ಲಿ ಅದೇ ಕಂಪೆನಿಯಿಂದ 200 ಸಿ.ಸಿ.ಯ ಎಕ್ಸ್‌ಪಲ್ಸ್ ಬಂತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಹೊಸ ಎಕ್ಸ್‌ಪಲ್ಸ್‌ಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಆದ್ದರಿಂದ ಇಂದು ನಮ್ಮ ಹುಡುಗರ ಕೈಯಲ್ಲಿರುವ ಕಾರ್ಬೊರೇಟರ್ ಬೈಕುಗಳೆಲ್ಲ ವರ್ಷಗಳನ್ನು ಕಂಡವು. ಹಳೆಯ ಬೈಕು ಏದುಸಿರು ಬಿಟ್ಟರೆ ಅದಕ್ಕೆ ಶಕ್ತಿ ಸಾಲದು ಎಂದು ತೀರ್ಮಾನಿಸುವ ಮೊದಲು ಅದಕ್ಕೆ ಕಾಯಿಲೆಯಿದೆಯೇ ಎಂದು ನೋಡುವುದು ನ್ಯಾಯ.

ಆದ್ದರಿಂದ ಮೊದಲು ಖರ್ಚಿಲ್ಲದ್ದನ್ನು ಮಾಡಲಿ. ಏರ್ ಫಿಲ್ಟರ್ ತೋಟದ ಧೂಳಿನಿಂದ ಕಟ್ಟಿಹೋಗಿದೆಯೇ? ಬ್ರೇಕ್ ಹಿಡಿದುಕೊಂಡೇ ಇದೆಯೇ? ಟಯರಿನಲ್ಲಿ ಗಾಳಿ ಸರಿಯಿದೆಯೇ? ಚೈನ್ ಒಣಗಿ ಬಿಗಿದಿದೆಯೇ? ನಂತರ ಸ್ವಲ್ಪ ಖರ್ಚಿನದ್ದು: ಟ್ಯಾಪೆಟ್ ಹೊಂದಿಸುವುದು, ಪ್ಲಗ್ ಬದಲಿಸುವುದು, ಕಾರ್ಬೊರೇಟರ್ ಬಿಚ್ಚಿ ತೊಳೆಯುವುದು, ಅದರ ರಬ್ಬರ್ ಪೊರೆ ಹರಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು. ಪೊರೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸ್ಲೈಡ್ ಪೂರ್ತಿ ಮೇಲೇಳದೆ ಬೈಕು ಏರಿನಲ್ಲಿ ಸೋಲುತ್ತದೆ.

ಇನ್ನೊಂದು ಮುಖ್ಯ ವಿಷಯವಿದೆ. ಈಗ ನಮ್ಮ ದೇಶದ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಬೆರೆತಿರುತ್ತದೆ. ಎಥನಾಲಿನಲ್ಲಿ ತನ್ನದೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನ ಅಳತೆಗೆ ಮಿಶ್ರಣ ಸ್ವಲ್ಪ ಬಡವಾಗುತ್ತದೆ. ಹಳೆಯ ರಬ್ಬರ್ ಭಾಗಗಳ ಮೇಲೂ ಅದು ಪರಿಣಾಮ ಬೀರಬಹುದು. ಇಂತಹ ಬೈಕಿಗೆ ಪ್ಲಗ್ಗಿನ ಬಣ್ಣ ನೋಡಿ, ಅಗತ್ಯವಿದ್ದರೆ ಒಂದು ಅಳತೆ ದೊಡ್ಡದಾದ ಜೆಟ್ ಹಾಕಿಸುವುದು ಆಡಂಬರವಲ್ಲ, ಚಿಕಿತ್ಸೆ. ಯಾವ ಜೆಟ್ ಎಂಬುದನ್ನೂ ತಿಳಿದು ಮಾಡಬೇಕು. ಬೈಕು ನಿಂತಲ್ಲೇ ಓಡುವಾಗ ಮತ್ತು ಎಕ್ಸಿಲರೇಟರ್ ತುಸು ತಿರುಗಿಸಿದಾಗ ಸ್ಲೋ ಜೆಟ್, ನಡುವಿನಲ್ಲಿ ನೀಡಲ್, ಪೂರ್ತಿ ತಿರುಗಿಸಿದಾಗ ಮೇನ್ ಜೆಟ್ ಕೆಲಸ ಮಾಡುತ್ತದೆ. ಎಲ್ಲಿ ನೋವಿದೆಯೋ ಅಲ್ಲಿಗೆ ಮದ್ದು.

ಇಷ್ಟೆಲ್ಲ ಆದ ಮೇಲೂ ಏರು ಕಷ್ಟವಾದರೆ ಮುಂದಿನ ಸ್ಪ್ರಾಕೆಟನ್ನು ನೋಡಲಿ. ಅದರಲ್ಲಿ 14 ಹಲ್ಲುಗಳಿದ್ದರೆ 13 ಹಲ್ಲಿನದನ್ನು ಹಾಕಿದಾಗ ಹಿಂದಿನ ಚಕ್ರಕ್ಕೆ ಸಿಗುವ ಎಳೆತ 7 ಶೇಕಡಾಕ್ಕಿಂತ ಹೆಚ್ಚು ಏರುತ್ತದೆ. ಹೆದ್ದಾರಿಯ ವೇಗ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಚೀಲ ಹೊರುವವನಿಗೆ ಇದು ಲಾಭದ ವ್ಯಾಪಾರ, ವೇಗ ತೋರಿಸಬೇಕಾದವನಿಗೆ ನಷ್ಟದ ವ್ಯಾಪಾರ. ಮಗನ ಮುಂದೆ ಈ ಮಾತನ್ನು ಇಟ್ಟು ನೋಡಿ. ಅವನು ಇದಕ್ಕೆ ಸಂತೋಷದಿಂದ ಒಪ್ಪಿದರೆ ಅವನ ಕುದುರೆ ಎರಡನೆಯದು. ಮುಖ ಸಿಂಡರಿಸಿದರೆ ಮೂರನೆಯ ಕುದುರೆ ಲಾಯದಲ್ಲಿದೆ ಎಂದು ತಿಳಿಯಿರಿ. ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ತೋಚುವುದಿಲ್ಲ.

ಕೆಲವು ಕೊರತೆಗಳಿಗೆ ಮದ್ದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. 1,900 ಮೀಟರಿಗಿಂತ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಗಾಳಿಯ ಸಾಂದ್ರತೆ ಕಡಲ ಮಟ್ಟಕ್ಕಿಂತ ಸುಮಾರು ಆರನೆಯ ಒಂದು ಭಾಗ ಕಡಿಮೆ. ಅಲ್ಲಿ ಎಂಜಿನ್ ಸ್ವಲ್ಪ ಸೋತರೆ ಅದು ದೋಷವಲ್ಲ, ಅಲ್ಲಾಹನು ಈ ಭೂಮಿಯನ್ನು ಸೃಷ್ಟಿಸಿದ ರೀತಿ. ಅರ್ಧ ಚೀಲ ಇಳಿಸಿ ಎರಡು ಸಲ ಹೋಗುವುದೂ ಒಂದು ಪರಿಹಾರವೇ. ಪಳಗದ ಕುದುರೆಗೆ ಚಿಕ್ಕ ಓಟವನ್ನು ನಿಗದಿಪಡಿಸಿದ ಪ್ರವಾದಿ(ಸ) ಚರ್ಯೆ ಇಲ್ಲಿ ನೆನಪಾಗುವುದಿಲ್ಲವೇ?

ಎಂಜಿನನ್ನೇ ಬದಲಿಸಿದರೆ

ಇಂಪಲ್ಸ್‌ನಲ್ಲಿ ಕರಿಜ್ಮಾ ಎಂಜಿನ್ ಕೂರಿಸುವುದು ಹವ್ಯಾಸಿಗಳ ನಡುವೆ ಹೊಸದೇನಲ್ಲ. 13 ಅಶ್ವಶಕ್ತಿಯ ಜಾಗದಲ್ಲಿ ಸುಮಾರು 17 ಸಿಗುತ್ತದೆ. ಯಂತ್ರವಿದ್ಯೆಯ ದೃಷ್ಟಿಯಿಂದ ಅದು ಸಾಧ್ಯ. ಇರುವ ಎಂಜಿನಿನಲ್ಲೇ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸುವವರೂ ಇದ್ದಾರೆ. ಆದರೆ ಸಿಲಿಂಡರಿನ ಗೋಡೆ ತೆಳುವಾದಷ್ಟೂ ಶಾಖ ತಡೆಯುವ ಶಕ್ತಿ ಕುಂದುತ್ತದೆ. ಹೆಚ್ಚಿದ ಒತ್ತಡವನ್ನು ಗ್ಯಾಸ್ಕೆಟ್, ಕ್ಲಚ್ ಪ್ಲೇಟ್, ಗೇರುಗಳು ಹೊರಬೇಕಾಗುತ್ತದೆ. ಶಕ್ತಿ ಒಂದು ಕಡೆ ಹೆಚ್ಚಿದರೆ ಹೊರೆ ಹತ್ತು ಕಡೆ ಬೀಳುತ್ತದೆ. ಬ್ರೇಕು ಮಾತ್ರ ಹಳೆಯದೇ ಇರುತ್ತದೆ!

ಇಲ್ಲಿ ಇತರರ ಹಕ್ಕಿನ ಪ್ರಶ್ನೆ ಏಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಎಂಜಿನ್ ಬದಲಿಸಬೇಕಾದರೆ ಸಾರಿಗೆ ಇಲಾಖೆಯ ಅನುಮತಿ ಬೇಕು, ನೋಂದಣಿ ಪತ್ರದಲ್ಲಿ ಅದು ದಾಖಲಾಗಬೇಕು. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದಾಗಿದೆ. ಪೋಲೀಸರು ಹಿಡಿದರೆ ತಾನೇ ಎಂದು ನಮ್ಮವರು ಹೇಳುವುದುಂಟು. ಸತ್ಯವಿಶ್ವಾಸಿಯ ಮಾತು ಅದಲ್ಲ. ಈ ನಾಡಿನ ರಸ್ತೆಯಲ್ಲಿ ಓಡಾಡುವಾಗ ನಾವು ಇಲ್ಲಿನ ಜನರೊಂದಿಗೆ ಒಂದು ಕರಾರಿನಲ್ಲಿದ್ದೇವೆ. ಕರಾರುಗಳನ್ನು ಪಾಲಿಸಬೇಕೆಂಬುದು ಕುರ್‌ಆನಿನ ಆದೇಶ. ಇನ್ನೂ ಗಂಭೀರವಾದದ್ದು ಇದು: ಕದ್ದು ಮಾರ್ಪಡಿಸಿದ ಬೈಕಿನಿಂದ ದಾರಿಹೋಕನೊಬ್ಬನಿಗೆ ಅಪಘಾತವಾದರೆ ವಿಮೆಯ ವಿಷಯದಲ್ಲಿ ತಕರಾರು ಏಳಬಹುದು. ಕಾಲು ಮುರಿದುಕೊಂಡ ಆ ಬಡವನ ಪರಿಹಾರ ನಮ್ಮ ಹುಡುಗನ ಹವ್ಯಾಸದಿಂದಾಗಿ ಕೋರ್ಟಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದರೆ ಅದಕ್ಕೆ ಅಲ್ಲಾಹನ ಮುಂದೆ ಹೊಣೆ ಯಾರು? ತನಗಾಗಲಿ ಇತರರಿಗಾಗಲಿ ಹಾನಿ ಮಾಡಬಾರದೆಂಬುದು ನಮ್ಮ ಶರೀಅತಿನ ಒಂದು ಮೂಲ ತತ್ವ.

ಮಿಸ್ತ್ರಿಯ ಅಮಾನತ್

ಈ ವಿಷಯದಲ್ಲಿ ಗ್ಯಾರೇಜಿನ ಸಹೋದರರಿಗೂ ಒಂದು ಮಾತು. ನಮ್ಮ ಸಮುದಾಯದ ಎಷ್ಟೋ ಯುವಕರು ಈ ಕಸುಬಿನಲ್ಲಿದ್ದಾರೆ. ಹುಡುಗನೊಬ್ಬ ನೋಟು ಹಿಡಿದುಕೊಂಡು ಬಂದು ದೊಡ್ಡ ಕಾರ್ಬೊರೇಟರ್ ಹಾಕಿ ಎಂದಾಗ, ಅವನ ಏರ್ ಫಿಲ್ಟರಿನಲ್ಲಿ ಧೂಳು ತುಂಬಿದೆ ಅಷ್ಟೆ ಎಂದು ನಿಮಗೆ ಗೊತ್ತಿದ್ದೂ ಸುಮ್ಮನಿದ್ದರೆ ಅದು ವ್ಯಾಪಾರವಲ್ಲ. ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒದ್ದೆಯನ್ನು ಕಂಡಾಗ, ಮೋಸ ಮಾಡುವವನು ನಮ್ಮವನಲ್ಲ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಎಚ್ಚರಿಸಿದ ಘಟನೆಯನ್ನು ನೀವು ಕೇಳಿದ್ದೀರಿ. ಗಿರಾಕಿಗೆ ಕಾಣದಂತೆ ಮುಚ್ಚಿಟ್ಟ ಸತ್ಯವೂ ರಾಶಿಯೊಳಗಿನ ಒದ್ದೆಯೇ. ಪ್ರತಿಯೊಂದು ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವುದನ್ನು ಅಲ್ಲಾಹನು ವಿಧಿಸಿದ್ದಾನೆ ಎಂದು ಹದೀಸ್ ತಿಳಿಸುತ್ತದೆ. ನೂರು ರೂಪಾಯಿಯಲ್ಲಿ ಮುಗಿಯುವುದನ್ನು ನೂರು ರೂಪಾಯಿಯಲ್ಲೇ ಮುಗಿಸಿ ಕಳುಹಿಸುವ ಮಿಸ್ತ್ರಿಯ ಎಣ್ಣೆಮೆತ್ತಿದ ಕೈಗೆ ಅಲ್ಲಾಹನ ಬಳಿ ಬೆಲೆಯಿದೆ.

ಕೇಳಿಸಿಕೊಂಡ ಕಿವಿಯ ಹಕ್ಕು

ಸೈಲೆನ್ಸರಿನ ವಿಷಯಕ್ಕೆ ಬಂದಾಗ ನನ್ನದೇ ಒಂದು ಕಥೆಯನ್ನು ಹೇಳಬೇಕಾಗಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಇಷ್ಟು ಹೊತ್ತು ಬರೆದದ್ದು ಪರೋಪದೇಶವಾದೀತು.

1994ರಲ್ಲಿ ನನ್ನ ಬಳಿ 100 ಸಿ.ಸಿ.ಯ ಎರಡು ಸ್ಟ್ರೋಕಿನ ಬೈಕಿತ್ತು. ಆ ಕಾಲದ ಹುಡುಗರಂತೆ ನಾನೂ ಅದರ ಸೈಲೆನ್ಸರಿನೊಳಗಿನ ಬಫಲ್ ತೆಗೆಸಿದ್ದೆ. ಪಿಕಪ್ ಹೆಚ್ಚುತ್ತದೆ ಎಂದು ಮನೆಯಲ್ಲಿ ಹೇಳಿದ್ದೆ. ನಿಜ ಹೇಳಬೇಕೆಂದರೆ ನನಗೆ ಬೇಕಾದದ್ದು ಸದ್ದು. ಓಣಿಯ ತಿರುವಿನಲ್ಲಿ ನಾನು ಬರುತ್ತಿದ್ದೇನೆಂದು ಎಲ್ಲರಿಗೂ ಗೊತ್ತಾಗಬೇಕಿತ್ತು. ಇಶಾ ನಮಾಝ್ ಮುಗಿಸಿ, ಗೆಳೆಯರೊಡನೆ ಹರಟಿ, ರಾತ್ರಿ ಹನ್ನೊಂದಕ್ಕೆ ಮನೆಗೆ ಬರುತ್ತಿದ್ದೆ. ಪಕ್ಕದ ಮನೆಯಲ್ಲಿ ಒಬ್ಬ ವೃದ್ಧೆಯಿದ್ದರು. ನಮ್ಮ ಧರ್ಮದವರಲ್ಲ. ನಾವೆಲ್ಲ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆವು. ಹಬ್ಬಕ್ಕೆ ಅವರ ಮನೆಯಿಂದ ನಮಗೆ, ಪೆರ್ನಾಲಿಗೆ ನಮ್ಮ ಮನೆಯಿಂದ ಅವರಿಗೆ ತಟ್ಟೆ ಹೋಗುತ್ತಿತ್ತು. ಅವರಿಗೆ ಹೃದಯದ ಕಾಯಿಲೆಯಿತ್ತು. ಮರುವರ್ಷದ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಕೆಲವು ವಾರಗಳ ನಂತರ ಅವರ ಮಗ ಬೇಲಿಯ ಬಳಿ ನಿಂತು ಮಾತಾಡುತ್ತಾ, ಯಾವ ಸಿಟ್ಟೂ ಇಲ್ಲದೆ ಹೇಳಿದರು: "ರಾತ್ರಿ ನಿನ್ನ ಗಾಡಿ ಬಂದಾಗಲೆಲ್ಲ ಅಮ್ಮ ಬೆಚ್ಚಿ ಎದ್ದು ಕೂರುತ್ತಿದ್ದರು ಮಾರಾಯ. ಮತ್ತೆ ನಿದ್ದೆ ಬರುತ್ತಿರಲಿಲ್ಲ. ನಾನು ನಿನಗೆ ಹೇಳುತ್ತೇನೆ ಅಂದರೆ, ಬೇಡ, ಹುಡುಗ ಬೇಜಾರು ಮಾಡಿಕೊಳ್ಳುತ್ತಾನೆ ಅನ್ನುತ್ತಿದ್ದರು."

ಮರುದಿನವೇ ನಾನು ಬಫಲ್ ಹಾಕಿಸಿದೆ. ಆದರೆ ಯಾರ ಬಳಿ ಹೋಗಿ ಕ್ಷಮೆ ಕೇಳಲಿ? ಅಲ್ಲಾಹನ ಹಕ್ಕಿನಲ್ಲಿ ತಪ್ಪಿದರೆ ತೌಬಾದ ಬಾಗಿಲಿದೆ. ಮನುಷ್ಯರ ಹಕ್ಕಿನಲ್ಲಿ ತಪ್ಪಿದರೆ ಆ ಮನುಷ್ಯನ ಮನೆ ಬಾಗಿಲನ್ನೇ ತಟ್ಟಬೇಕು. ಆ ಬಾಗಿಲಿನ ಹಿಂದೆ ದೊಡ್ಡಮ್ಮ ಇರಲಿಲ್ಲ. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ ತಾನು ನೋಯಿಸಿದವರಿಗೆಲ್ಲ ಪುಣ್ಯವನ್ನು ಹಂಚಿಕೊಟ್ಟು ಬರಿಗೈಯಾಗುವ ದಿವಾಳಿಗಾರನ ಬಗ್ಗೆ ಪ್ರವಾದಿವರ್ಯರು(ಸ) ಹೇಳಿದ್ದಾರೆ. ಆ ಹದೀಸನ್ನು ಓದುವಾಗಲೆಲ್ಲ ನನಗೆ ಆ ಬೇಲಿ ನೆನಪಾಗುತ್ತದೆ. ನೆರೆಯವನಿಗೆ ಯಾರ ಉಪದ್ರವದಿಂದ ನಿರ್ಭೀತಿಯಿಲ್ಲವೋ ಅವನ ವಿಶ್ವಾಸವೇ ಪ್ರಶ್ನೆಗೀಡಾಗುತ್ತದೆ. ತನ್ನ ಮಗನಿಗೆ ಉಪದೇಶಿಸುತ್ತಾ ನಡಿಗೆಯಲ್ಲಿ ಮಿತವಾಗಿರು, ದನಿಯನ್ನು ತಗ್ಗಿಸು ಎಂದು ಲುಕ್ಮಾನರು ಹೇಳಿದ್ದನ್ನು ಕುರ್‌ಆನ್ ನಮಗೆ ಕೇಳಿಸುತ್ತದೆ. ಗಂಟಲಿನ ದನಿಗೆ ಅನ್ವಯಿಸುವ ಮಾತು ಸೈಲೆನ್ಸರಿನ ದನಿಗೆ ಅನ್ವಯಿಸುವುದಿಲ್ಲವೇ?

ಅದೇ ಅಳತೆ ನಮಗೂ

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೆಚ್ಚಿನದನ್ನು ಬಯಸುವುದೆಲ್ಲ ಮನೋಕಾಮನೆಯಾದರೆ ಜಗತ್ತಿನಲ್ಲಿ ಯಾವ ಸುಧಾರಣೆಯೂ ಆಗುತ್ತಿರಲಿಲ್ಲ, ನಾವಿನ್ನೂ ಕಾಲ್ನಡಿಗೆಯಲ್ಲೇ ಇರುತ್ತಿದ್ದೆವಲ್ಲ ಎಂದು. ಆಕ್ಷೇಪದಲ್ಲಿ ತಿರುಳಿದೆ. ಕೆಲಸದಲ್ಲಿರುವ ಕೊರತೆಯನ್ನು ತುಂಬುವುದು ಸುಧಾರಣೆ. ಮನಸ್ಸಿನ ಕೊರತೆಯನ್ನು ವಸ್ತುವಿನಿಂದ ತುಂಬಲು ಹೊರಡುವುದು ದುಂದು. ಮೊದಲನೆಯದಕ್ಕೆ ಒಂದು ಕೊನೆಯಿದೆ. ಏರು ಹತ್ತಿದರೆ ಸಾಕು, ಕೆಲಸ ಮುಗಿಯಿತು. ಎರಡನೆಯದಕ್ಕೆ ಕೊನೆಯಿಲ್ಲ. 223 ಸಿ.ಸಿ. ಬಂದ ಮರುದಿನ ಗೆಳೆಯನ 411 ಸಿ.ಸಿ. ಕಣ್ಣಿಗೆ ಬೀಳುತ್ತದೆ.

ಆದ್ದರಿಂದ ಖರ್ಚು ಮಾಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಯಾರೂ ನೋಡದಿದ್ದರೆ, ಯಾರಿಗೂ ಕೇಳಿಸದಿದ್ದರೆ ಇದನ್ನು ನಾನು ಮಾಡಿಸುತ್ತಿದ್ದೆನೇ? ಇದರ ಬೆಲೆಯಲ್ಲಿ ಯಾವುದಾದರೂ ಭಾಗವನ್ನು ಬೇರೆಯವರು ತೆರಬೇಕಾಗುತ್ತದೆಯೇ? ಇದು ಸಿಕ್ಕಿದ ಮೇಲೆ ನಾನು ನಿಲ್ಲುತ್ತೇನೆಯೇ?

ಮೂಡಿಗೆರೆಯ ಸಹೋದರರೇ, ಈ ಪ್ರಶ್ನೆಗಳನ್ನು ಮಗನಿಗೆ ಮಾತ್ರ ಕೇಳಬೇಡಿ. ಇದನ್ನು ಓದುತ್ತಿರುವ ನಾವೆಲ್ಲರೂ ನಮ್ಮನ್ನು ಕೇಳಿಕೊಳ್ಳಬೇಕು. ಸಾಲ ಮಾಡಿ ಮದುವೆಗೆ ಹದಿನೈದು ಬಗೆಯ ಊಟ ಹಾಕಿಸುವ ತಂದೆ, ನೆರೆಯವನ ಮನೆಗಿಂತ ಒಂದು ಅಂತಸ್ತು ಹೆಚ್ಚಿಗೆ ಕಟ್ಟಿಸುವ ಹಿರಿಯ, ಮಗನ 35,000 ರೂಪಾಯಿಯನ್ನು ದುಂದೆಂದು ಕರೆದರೆ ಮಗ ನಂಬುವುದು ಹೇಗೆ? ಮಕ್ಕಳು ನಮ್ಮ ಉಪದೇಶವನ್ನಲ್ಲ, ನಮ್ಮ ಕುದುರೆಯನ್ನು ನೋಡಿ ಕಲಿಯುತ್ತಾರೆ.

ಮಗನನ್ನು ಗದರಿಸಿ ಕಳುಹಿಸಬೇಡಿ. ಒಂದು ಬೆಳಿಗ್ಗೆ ಅವನ ಜೊತೆಯಲ್ಲೇ ಗ್ಯಾರೇಜಿಗೆ ಹೋಗಿ. ಏರ್ ಫಿಲ್ಟರ್ ಬಿಚ್ಚುವಾಗ ಪಕ್ಕದಲ್ಲಿ ನಿಲ್ಲಿ. ಕಾರ್ಬೊರೇಟರಿನ ಪೊರೆಯನ್ನು ಬೆಳಕಿಗೆ ಹಿಡಿದು ಇಬ್ಬರೂ ನೋಡಿ. ಸ್ಪ್ರಾಕೆಟಿನ ಹಣವನ್ನು ನೀವೇ ಕೊಡಿ. ಆ ದಿನ ಅವನ ಹಿಂದೆ ಕುಳಿತು ತೋಟದ ಏರು ಹತ್ತಿ. ಹೊರಡುವಾಗ ಸವಾರಿಯ ಪ್ರಾರ್ಥನೆಯನ್ನು ಇಬ್ಬರೂ ಹೇಳಿ. ಈ ವಾಹನವನ್ನು ಪಳಗಿಸಲು ನಾವು ಶಕ್ತರಾಗಿರಲಿಲ್ಲ, ಅದನ್ನು ನಮಗೆ ಅಧೀನಗೊಳಿಸಿದವನು ಅಲ್ಲಾಹನು, ಅವನ ಕಡೆಗೇ ನಮ್ಮ ಮರಳುವಿಕೆ ಎಂಬ ಅರ್ಥ ಅದರಲ್ಲಿದೆ. ಬೈಕಿನ ಕೀಲಿ ತಿರುಗಿಸುವಾಗ ಸಾವನ್ನೂ ಪರಲೋಕವನ್ನೂ ನೆನಪಿಸುವ ಈ ಪ್ರಾರ್ಥನೆ ಸವಾರನ ಕೈಯಲ್ಲಿರುವ ಎಲ್ಲಕ್ಕಿಂತ ಒಳ್ಳೆಯ ಬ್ರೇಕು.

ಅಲ್ಲಾಹನು ನಮ್ಮ ಸವಾರಿಗಳನ್ನು ನಮಗೆ ಆಸರೆಯಾಗಿಸಲಿ, ಹೊರೆಯಾಗದಂತೆ ಕಾಪಾಡಲಿ. ನಮ್ಮಿಂದ ನೊಂದು, ನಮಗೆ ಹೇಳದೆಯೇ ಹೋದವರ ಮುಂದೆ ಅಂತಿಮ ದಿನ ನಮ್ಮನ್ನು ನಾಚಿಕೆಗೀಡುಮಾಡದಿರಲಿ. ಆಮೀನ್.